ಗ್ರೂಪ್ ಕಾಪಿ ಹೊಡೆಯೋ ಮುಂಚೆ ಇದನ್ನು ಓದಿ

ಸ್ಕೆಚ್‌ಅಪ್ ಅನ್ನೋ 3ಡಿ ನಕ್ಷೆಯ ತಂತ್ರಾಂಶದಲ್ಲಿ ಗ್ರೂವ್ (ಇನ್ನೊಂದು ಹಲಗೆ ಕೂರಿಸೋ ಕಾಲುವೆ) ಇರೋ ಒಂದು ನಿಲುವು ಹಲಗೆ ಬರೆದು, ಅದರ ಗೆರೆಗಳನ್ನೆಲ್ಲ ಒಂದೇ ಗಂಟಾಗಿ ಗ್ರೂಪ್ ಮಾಡಿ, 8 ಕಾಪಿ ಹೊಡೆದಿದ್ದೀರಿ. ಈಗ ಪ್ಲೈ ದಪ್ಪ ಬೇರೆ ಬಂತು, ಎಲ್ಲವನ್ನೂ ಒಟ್ಟಿಗೆ ತಿದ್ದೋದು ಹೇಗೆ ಅಂತ ಕೇಳಿದ್ದೀರಿ. ಆಗಲ್ಲ. ಸ್ಕೆಚ್‌ಅಪ್‌ನಲ್ಲಿ ಒಂದು ಗ್ರೂಪ್ ತಿದ್ದಿದರೆ ಪಕ್ಕದ ಕಾಪಿಗೆ ಸುದ್ದಿಯೇ ಹೋಗಲ್ಲ.

ನಾನೂ ಇದೇ ಮಾಡಿದ್ದೆ. 18 ಎಂಎಂ ಅಂತ ಪೂರ್ತಿ ಬರೆದು, ಆಮೇಲೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಿಂದ ಹಾಳೆ ತಂದೆ. ಕ್ಯಾಲಿಪರ್ ಹಿಡಿದರೆ 17.2! ರಾತ್ರಿಯೆಲ್ಲ ಕೂತು ಒಂದೊಂದೇ ಗ್ರೂಪ್ ತೆರೆದು ಗ್ರೂವ್ ತಿದ್ದಿದೆ. ಒಂದು ಹಲಗೆ ಬಿಟ್ಟುಹೋಯಿತು. ಅದು ಗೊತ್ತಾಗಿದ್ದು ಜೋಡಿಸುವಾಗ. ಬೇರೆಯವು ಮ್ಯಾಲೆಟ್ ಏಟಿಗೆ ಬಿಗಿಯಾಗಿ ಕೂತವು, ಆ ಸಾಲು ಮಾತ್ರ ಲೊಡಲೊಡ. ವಿನೀರ್ (ತೆಳು ಮರದ ಪದರ) ಚೂರುಗಳಿಗೆ ಫೆವಿಕಾಲ್ ಮೆತ್ತಿ ತುರುಕಿ ಮಾನ ಉಳಿಸಿಕೊಂಡೆ.

ನೀವು ಹೀಗೆ ಮಾಡಿ. ಒಂದನ್ನು ಇಟ್ಟುಕೊಂಡು ಮಿಕ್ಕಿದ್ದೆಲ್ಲ ಅಳಿಸಿ. ಉಳಿದದ್ದನ್ನು ಆರಿಸಿ ಜಿ ಕೀ ಒತ್ತಿ ಕಾಂಪೊನೆಂಟ್ (ಕಾಪಿಗಳೆಲ್ಲ ಒಂದಕ್ಕೊಂದು ನಂಟಿರೋ ಭಾಗ) ಮಾಡಿ, ಹೆಸರು ಕೊಡಿ. 'ಕಾಂಪೊನೆಂಟ್#14' ಅಂತ ಬಿಡಬೇಡಿ, ಆಮೇಲೆ ನೀವೇ ಅಳ್ತೀರಿ. ಮೂವ್ ಟೂಲ್ ಹಿಡಿದು ಕಂಟ್ರೋಲ್ ಒತ್ತಿ ಒಂದು ಕಾಪಿ ಎಳೆಯಿರಿ, ತಕ್ಷಣ 8x ಟೈಪ್ ಮಾಡಿ ಎಂಟರ್ ಕೊಡಿ. ಕೊನೆಯ ಜಾಗ ಮಾತ್ರ ಗೊತ್ತಿದ್ದರೆ ಅಲ್ಲಿಗೆ ಎಳೆದು /8 ಕೊಡಿ, ನಡುವೆ ಸಮನಾಗಿ ಹಂಚುತ್ತದೆ. ಇನ್ನು ಒಂದನ್ನು ತಿದ್ದಿದರೆ ಎಲ್ಲವೂ ಬದಲಾಗುತ್ತವೆ.

ಆದರೆ ಅಂಚಿನ ಹಲಗೆಗೆ ಒಂದೇ ಕಡೆ ಗ್ರೂವ್ ಅಲ್ವಾ? ಅದಕ್ಕೆ ಮೊದಲು ಮೇಕ್ ಯುನಿಕ್ (ಆ ಒಂದನ್ನು ನಂಟಿನಿಂದ ಬಿಡಿಸೋ ಆಯ್ಕೆ) ಕೊಡಿ, ಆಮೇಲೆ ಕೈ ಹಾಕಿ. ಎಡಬಲದ ಜೋಡಿಗೆ ಬೇಡ, ಫ್ಲಿಪ್ ಮಾಡಿದರೂ ನಂಟು ಉಳಿಯುತ್ತದೆ. ಸ್ಕೇಲ್ ಟೂಲ್ ಮಾತ್ರ ಮುಟ್ಟಬೇಡಿ. ಹೊರಗಿನಿಂದ ಎಳೆದರೆ ಆ ಒಂದು ಹಲಗೆ ಮಾತ್ರ ಉದ್ದ ಆಗುತ್ತದೆ, ಜೊತೆಗೆ ಒಳಗಿನ ಸ್ಕ್ರೂ ತೂತೂ ಮೊಟ್ಟೆಯಾಕಾರ ಆಗುತ್ತದೆ.

ಇನ್ನೊಂದು ಲಾಭ. ಕತ್ತರಿಸಬೇಕಾದ ತುಂಡುಗಳ ಪಟ್ಟಿ ಮಾಡಿಕೊಡೋ ಓಪನ್‌ಕಟ್‌ಲಿಸ್ಟ್ ಅನ್ನೋ ಉಚಿತ ಎಕ್ಸ್‌ಟೆನ್ಷನ್ (ಸ್ಕೆಚ್‌ಅಪ್‌ಗೆ ಸೇರಿಸೋ ಹೆಚ್ಚುವರಿ ಸಾಧನ) ಲೆಕ್ಕ ಹಾಕೋದು ಕಾಂಪೊನೆಂಟ್‌ಗಳನ್ನೇ, ಗ್ರೂಪ್‌ಗಳನ್ನಲ್ಲ. ಬ್ರೌಸರ್‌ನ ಫ್ರೀ ಸ್ಕೆಚ್‌ಅಪ್‌ನಲ್ಲಿ ಎಕ್ಸ್‌ಟೆನ್ಷನ್ ನಡೆಯಲ್ಲ, ಸುಮ್ನೆ ಹುಡುಕಬೇಡಿ. ಡೆಸ್ಕ್‌ಟಾಪ್ ಸ್ಕೆಚ್‌ಅಪ್‌ಗೆ ಚಂದಾ ಕಟ್ಟೋ ಮನಸ್ಸಿಲ್ಲದಿದ್ದರೆ ಫ್ರೀಕ್ಯಾಡ್ ಅನ್ನೋ ಉಚಿತ ತಂತ್ರಾಂಶ ಕಲಿಯಿರಿ. ಅಲ್ಲೂ ಸಾದಾ ಕಾಪಿ ಬೇಡ, ಲಿಂಕ್ (ಮೂಲಕ್ಕೆ ನಂಟಿರೋ ಕಾಪಿ) ಮಾಡಿ. ಪ್ಲೈ ದಪ್ಪವನ್ನು ಸ್ಪ್ರೆಡ್‌ಶೀಟ್‌ನ ಒಂದು ಮನೆಯಲ್ಲಿ ಇಟ್ಟರೆ ಇನ್ನೂ ಆರಾಮ. ಮೊದಲ ವಾರ ತಲೆ ಕೆಡುತ್ತದೆ, ಅದು ಬೇರೆ ಮಾತು.

ಹಾಂ, ದಪ್ಪವನ್ನು ಒಂದೇ ಮೂಲೆಯಲ್ಲಿ ಅಳೆದಿದ್ದೀರಾ? 8x4 ಅಡಿ ಹಾಳೆಯ ನಾಲ್ಕೂ ಅಂಚು ಅಳೆದು, ಜಾಸ್ತಿ ಬಂದದ್ದಕ್ಕೆ ಗ್ರೂವ್ ಇಡಿ. ಮೊದಲು ವೇಸ್ಟ್ ತುಂಡಿನಲ್ಲಿ ಒಂದು ಗ್ರೂವ್ ಹೊಡೆದು ನೋಡಿ.