ಹೊಸ ಪುಟ್ಟ ರೂಟರ್ ಜೋಡಿಸಿದ ಮೇಲೆ ಫೋನಿಗೆ ಪ್ರಿಂಟರ್ ಕಾಣಿಸುತ್ತಿಲ್ಲ, ಏಕೆ?

ನಿಮ್ಮ ಮನೆಯಲ್ಲಿ ಈಗ ಒಂದರ ಬದಲು ಎರಡು ಪ್ರತ್ಯೇಕ ಜಾಲಗಳಿದ್ದು, ಫೋನು ಒಂದರಲ್ಲಿ, ಪ್ರಿಂಟರ್ ಇನ್ನೊಂದರಲ್ಲಿ ಉಳಿದಿರುವುದೇ ಬಹುಮಟ್ಟಿಗೆ ಇದಕ್ಕೆ ಕಾರಣ. ಹೊಸ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ ಬದಲಾಯಿಸಿದರೆ ಸಾಮಾನ್ಯವಾಗಿ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಇಂಟರ್ನೆಟ್ ಸೇವೆಯವರು ಅಳವಡಿಸುವ ಮೋಡೆಮ್ ಹೆಚ್ಚಿನ ಮನೆಗಳಲ್ಲಿ ತಾನೇ ಒಂದು ರೂಟರ್ ಆಗಿದ್ದು, ತನಗೆ ಸೇರಿದ ಸಾಧನಗಳಿಗೆ 192.168.1.5ರಂತಹ ವಿಳಾಸಗಳನ್ನು ಹಂಚುತ್ತಿರುತ್ತದೆ. ಅದರಿಂದ ಬಂದ ಕೇಬಲ್ಲನ್ನು ಹೊಸ ರೂಟರಿನ ‘ವ್ಯಾನ್’ (WAN, ಹೊರಗಿನ ಇಂಟರ್ನೆಟ್ ಸಂಪರ್ಕಕ್ಕೆ ಮೀಸಲಾದ) ಪೋರ್ಟಿಗೆ ಸಿಕ್ಕಿಸಿದಾಗ, ಈ ಎರಡನೆಯದು 192.168.0.5ರಂತಹ ಬೇರೆ ವಿಳಾಸಗಳನ್ನು ಕೊಟ್ಟು ತನ್ನದೇ ಜಾಲವನ್ನು ಕಟ್ಟಿಕೊಳ್ಳುತ್ತದೆ. ಫೋನು ಪ್ರಿಂಟರನ್ನು ಹುಡುಕುವುದು, ‘ಇಲ್ಲಿ ಪ್ರಿಂಟರ್ ಯಾರಾದರೂ ಇದ್ದೀರಾ?’ ಎಂದು ತಾನಿರುವ ಜಾಲದಲ್ಲಿ ಎಲ್ಲರಿಗೂ ಕೇಳಿಸುವಂತೆ ಕೂಗುವ ಮೂಲಕ. ಅಂತಹ ಕೂಗನ್ನು ರೂಟರ್ ತನ್ನ ಗಡಿ ದಾಟಲು ಬಿಡುವುದಿಲ್ಲ. ಎರಡೂ ಕಡೆ ಇಂಟರ್ನೆಟ್ ಸರಾಗವಾಗಿ ಬರುವುದರಿಂದ ಜೋಡಣೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ಪಾಪ, ಪ್ರಿಂಟರ್ ಬೈಗುಳ ತಿನ್ನುತ್ತದೆ.

ಆಕ್ಸೆಸ್ ಪಾಯಿಂಟ್ ಆದ ರೂಟರ್ ವಿಳಾಸ ಹಂಚುವ ಕೆಲಸವನ್ನು ಮೊದಲನೆಯದಕ್ಕೇ ಬಿಟ್ಟು, ವೈಫೈ ಒದಗಿಸುವುದಕ್ಕಷ್ಟೇ ಸೀಮಿತವಾಗುತ್ತದೆ. ಈ ಮೋಡ್ ಇಲ್ಲದ ರೂಟರಾದರೆ, ಅದಕ್ಕೆ ಮೊದಲ ಜಾಲದಲ್ಲಿ ಬೇರಾರೂ ಬಳಸದ ವಿಳಾಸವೊಂದನ್ನು ಕೊಟ್ಟು, ವಿಳಾಸ ಹಂಚುವ ‘ಡಿಎಚ್‌ಸಿಪಿ’ಯನ್ನು ನಿಲ್ಲಿಸಿ, ಕೇಬಲ್ಲನ್ನು ವ್ಯಾನ್ ಬದಲು ‘ಲ್ಯಾನ್’ (LAN, ಮನೆಯೊಳಗಿನ ಸಾಧನಗಳಿಗಾಗಿರುವ) ಪೋರ್ಟಿಗೆ ಹಾಕಬೇಕು. ಮೋಡ್ ಬದಲಾದ ನಂತರ ಸೆಟ್ಟಿಂಗ್ ಪುಟ ಹಳೆಯ ವಿಳಾಸದಲ್ಲಿ ತೆರೆಯದಿದ್ದರೆ ಗಾಬರಿಯಾಗಬೇಡಿ. ಅದರ ಹೊಸ ವಿಳಾಸ ಮೊದಲ ರೂಟರಿನ ಸಾಧನಗಳ ಪಟ್ಟಿಯಲ್ಲಿ ಸಿಗುತ್ತದೆ.