ಆಳ ಸಮುದ್ರದ ಮಾಡೆಲ್: ಆ ಕಬ್ಬಿಣದ ಮೂಳೆ ಚೀಟಿ ಮೊದಲು ತೆಗೀರಿ

ಶಿರಾ ಮೇಷ್ಟ್ರೇ, ವಿಜ್ಞಾನ ಪ್ರದರ್ಶನಕ್ಕೆ ನಿಮ್ಮ ಮಕ್ಕಳು ಮಾಡುತ್ತಿರುವ ಥರ್ಮಾಕೋಲ್ ಮಾಡೆಲ್ ಫೋಟೋ ನೋಡಿದೆ. ಕೆಲಸ ಅಚ್ಚುಕಟ್ಟಾಗಿದೆ. ಆದರೆ "ಒತ್ತಡ ತಡೆಯಲು ಮೀನಿನ ಮೂಳೆ ಕಬ್ಬಿಣದಷ್ಟು ಗಟ್ಟಿ" ಅಂತ ಚೀಟಿ ಅಂಟಿಸಿದ್ದೀರಲ್ಲ, ಅದನ್ನು ಈಗಲೇ ಕಿತ್ತು ಹಾಕಿ. ನಾನೂ ಒಮ್ಮೆ ಇದನ್ನೇ ಬರೆಸಿ ತೀರ್ಪುಗಾರರ ಮುಂದೆ ಪೆಚ್ಚಾಗಿದ್ದೆ.

ವಿಷಯ ಪೂರ್ತಿ ಉಲ್ಟಾ. ಸಮುದ್ರದ ತೀರಾ ಆಳದಲ್ಲಿ ಬದುಕೋ ಸ್ನೇಲ್‌ಫಿಶ್ ಅನ್ನೋ ಮೀನಿಗೆ ಮೂಳೆ ತೆಳು, ಮೈ ಲೋಳೆ ಲೋಳೆ. 2022ರಲ್ಲಿ ಜಪಾನ್ ಪಕ್ಕದ ಕಂದಕದಲ್ಲಿ 8,336 ಮೀಟರ್ ಆಳದಲ್ಲಿ ಅದು ಕ್ಯಾಮೆರಾಗೆ ಸಿಕ್ಕಿತು. ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯೇ 3 ಕಿಲೋಮೀಟರ್ ಚಿಲ್ಲರೆ, ನೀವೇ ಲೆಕ್ಕ ಹಾಕಿ. ಒತ್ತಡಕ್ಕೆ ನಜ್ಜುಗುಜ್ಜಾಗುವುದು ಗಾಳಿ ಇರುವ ಜಾಗ. ಈ ಮೀನಿಗೆ ತೇಲುವ ಗಾಳಿಚೀಲವೇ ಇಲ್ಲ.

ಇದನ್ನು ಬರೆದು ತೋರಿಸಬೇಡಿ, ಸಿರಿಂಜ್‌ನಲ್ಲಿ ತೋರಿಸಿ. ಮೆಡಿಕಲ್ ಶಾಪ್‌ನಲ್ಲಿ ದೊಡ್ಡದು ಕೇಳಿ, 50 ಎಂಎಲ್‌ಗಿಂತ ಚಿಕ್ಕದು ಬೇಡ, ಸೂಜಿಯಂತೂ ಬೇಡವೇ ಬೇಡ. ಹೋಳಿ ಹಬ್ಬಕ್ಕೆ ಮಾರುವ ಪುಟಾಣಿ ಬಲೂನ್ ಎರಡು ತಗೊಳ್ಳಿ. ಒಂದಕ್ಕೆ ದ್ರಾಕ್ಷಿ ಗಾತ್ರಕ್ಕೆ ಗಾಳಿ, ಇನ್ನೊಂದಕ್ಕೆ ಅಷ್ಟೇ ನೀರು ತುಂಬಿ ದಾರ ಕಟ್ಟಿ. ಎರಡನ್ನೂ ಒಳಗೆ ಹಾಕಿ, ನೀರು ತುಂಬಿ, ತುದಿ ಮೇಲೆ ಮಾಡಿ ಬೆರಳಿಂದ ತಟ್ಟಿ ಗುಳ್ಳೆಗಳನ್ನೆಲ್ಲ ಹೊರಗೆ ಬಿಡಿ. ಆಮೇಲೆ ಹೆಬ್ಬೆರಳಲ್ಲಿ ತುದಿ ಒತ್ತಿ ಹಿಡಿದು ದಬ್ಬಿದರೆ ಗಾಳಿ ಬಲೂನ್ ಸುಕ್ಕುಗಟ್ಟಿ ಸಣ್ಣಗಾಗುತ್ತೆ, ನೀರಿನದು ಹಾಗೇ ಇರುತ್ತೆ. ಮೊದಲೇ ಎಂ-ಸೀಲ್ ಹಾಕಿ ತುದಿ ಮುಚ್ಚೋ ಜಾಣತನ ಬೇಡ, ಗುಳ್ಳೆ ತೆಗೆಯೋಕಾಗಲ್ಲ.

ಇಷ್ಟಕ್ಕೇ ಮುಗಿಯಲ್ಲ, ಜಾಣ ತೀರ್ಪುಗಾರರಾದರೆ ಮುಂದಕ್ಕೆ ಕೇಳ್ತಾರೆ. ಅಂಥ ಒತ್ತಡದಲ್ಲಿ ಪ್ರೋಟೀನುಗಳ ಆಕಾರ ಕೆಡುತ್ತೆ. ಅದನ್ನು ಕಾಪಾಡೋದು ಟಿಎಂಎಒ ಅನ್ನೋ ಸಣ್ಣ ಅಣು, ಆಳ ಹೆಚ್ಚಿದಂತೆ ಮೀನಿನ ಮೈಯಲ್ಲಿ ಅದೂ ಜಾಸ್ತಿ. ಹಳೇ ಮೀನು ನಾರುತ್ತಲ್ವಾ, ಬ್ಯಾಕ್ಟೀರಿಯಾ ಇದನ್ನೇ ಒಡೆದಾಗ ಬರೋ ವಾಸನೆ ಅದು. ಈ ಉಪಾಯಕ್ಕೂ ಒಂದು ಮಿತಿ ಇರೋದರಿಂದಲೇ 8,400 ಮೀಟರ್ ಆಸುಪಾಸಿನಿಂದ ಕೆಳಗೆ ಮೀನಿಲ್ಲ ಅಂತ ವಿಜ್ಞಾನಿಗಳ ಊಹೆ. ಸಿಗಡಿಯಂತೆ ಕಾಣೋ ಆಂಫಿಪಾಡ್, ಸಮುದ್ರ ಸೌತೆ ಅನ್ನೋ ಪ್ರಾಣಿ ಇನ್ನೂ ಕೆಳಗೂ ಇವೆ. ಹಾಗಾಗಿ ತೀರಾ ತಳದಲ್ಲಿ ಮೀನು ಅಂಟಿಸಬೇಡಿ.

ಹಸಿರು ಗಿಡಗಳನ್ನೂ ತೆಗೀರಿ, ದಯವಿಟ್ಟು! 200 ಮೀಟರ್ ದಾಟಿದರೆ ಗಿಡ ಬದುಕುವಷ್ಟು ಬೆಳಕಿಲ್ಲ, 1,000 ದಾಟಿದರೆ ಕಗ್ಗತ್ತಲು. ಮೇಲಿಂದ ಉದುರೋ ಕಸ, ಸತ್ತ ಜೀವಿಗಳ ಚೂರುಗಳೇ ಹೆಚ್ಚಿನವಕ್ಕೆ ಊಟ. ನೀವು ಅಂಟಿಸಿರೋ ಜೋಲು ಮೂಗಿನ ಬ್ಲಾಬ್‌ಫಿಶ್ ಮೀನಿನ ಮುಖವೂ ಮೇಲೆ ಎಳೆದು ತಂದಾಗ ಕೆಟ್ಟಿದ್ದು, ನೀರಿನಲ್ಲಿ ಅದು ಹಾಗಿರಲ್ಲ. ಸುಮ್ನೆ ಗೂಗಲ್‌ನಲ್ಲಿ ಮೊದಲು ಸಿಕ್ಕಿದ ಚಿತ್ರ ಇಳಿಸಿದರೆ ಹೀಗೇ ಆಗೋದು.

ಬಣ್ಣಕ್ಕೆ ಸ್ಪ್ರೇ ಡಬ್ಬಿ ಬಳಸಿದರೆ ಥರ್ಮಾಕೋಲ್ ಕರಗುತ್ತೆ. ಪೋಸ್ಟರ್ ಬಣ್ಣ ಸಾಕು, ಅಂಟಿಸೋಕೆ ಫೆವಿಕಾಲ್.

ಜಾಗ ಉಳಿದರೆ ಸಮುದ್ರ ತಳದ ಬಿಸಿನೀರಿನ ಬುಗ್ಗೆ ಸೇರಿಸಿ. 1977ರಲ್ಲಿ ಗಲಪಗೋಸ್ ದ್ವೀಪಗಳ ಹತ್ತಿರ ಆಲ್ವಿನ್ ಅನ್ನೋ ಜಲಾಂತರ್ಗಾಮಿ ನೌಕೆಯಲ್ಲಿ ಇಳಿದವರು ಸುಮಾರು 2,500 ಮೀಟರ್ ಆಳದಲ್ಲಿ ಇವನ್ನು ಕಂಡರು. ಅಲ್ಲಿನ ದೈತ್ಯ ಕೊಳವೆ ಹುಳಕ್ಕೆ ಬಾಯಿಲ್ಲ, ಕರುಳಿಲ್ಲ. ಕೆಂಪು ಕುಚ್ಚಿನಿಂದ ಹೈಡ್ರೋಜನ್ ಸಲ್ಫೈಡ್ ಮತ್ತು ಆಮ್ಲಜನಕ ಹೀರಿ ಒಳಗಿರೋ ಬ್ಯಾಕ್ಟೀರಿಯಾಗೆ ಕೊಡುತ್ತೆ, ಅವು ಇದಕ್ಕೆ ಅನ್ನ ಹಾಕುತ್ತವೆ.

ಹೀಗೆ ಸಲ್ಫೈಡ್ ಬಳಸೋ ಬ್ಯಾಕ್ಟೀರಿಯಾ ಕಣ್ಣಾರೆ ತೋರಿಸಬೇಕಾ? ಕೆರೆ ಕೆಸರಿಗೆ ಹರಿದ ಪೇಪರ್, ಕಡಲೆಕಾಯಿ ಹೊಲಕ್ಕೆ ಹಾಕೋ ಜಿಪ್ಸಂ ಒಂದು ಚಮಚ ಬೆರೆಸಿ, ಪಾರದರ್ಶಕ ಬಾಟಲಿಗೆ ತುಂಬಿ ಬೆಳಕು ಬೀಳೋ ಕಡೆ ಇಡಿ. ಮೊದಲು ಕಪ್ಪು, ಆಮೇಲೆ ಹಸಿರು, ನೇರಳೆ ಪಟ್ಟೆ ಬರುತ್ತವೆ. ಬಣ್ಣದವು ಬೆಳಕು ಬಳಸೋವು, ಆಳದವು ಬಳಸಲ್ಲ, ಈ ವ್ಯತ್ಯಾಸ ಮಕ್ಕಳಿಗೆ ಹೇಳಿಕೊಡಿ. ಮುಚ್ಚಳ ಬಿಗಿ ಮಾಡಬೇಡಿ, ತರಗತಿ ಒಳಗೂ ಇಡಬೇಡಿ, ನಾರುತ್ತೆ. ಬಣ್ಣ ಬರೋಕೆ ವಾರಗಟ್ಟಲೆ ಬೇಕು, ನಾಳೆಯೇ ಕೆಸರು ತರಿಸಿ.