ಸ್ವಂತ ಛಾಯಾಚಿತ್ರಗಳನ್ನು ಕಲೆಯ ಮೂಲತತ್ತ್ವಗಳ ನೆರವಿನಿಂದ ವಿಮರ್ಶಿಸಿಕೊಳ್ಳುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಉಡುಪಿಯ ಆಸುಪಾಸಿನಲ್ಲಿ ಹವ್ಯಾಸಕ್ಕಾಗಿ ಚಿತ್ರ ತೆಗೆಯುತ್ತಿದ್ದೀರಿ, ತೋರಿಸಿದವರೆಲ್ಲ ‘ಲಾಯ್ಕುಂಟು’ ಎನ್ನುತ್ತಾರೆ, ಆದರೆ ಯಾವ ಚಿತ್ರ ಏಕೆ ಚೆನ್ನಾಗಿದೆಯೆಂದು ನಿಮಗೇ ಸ್ಪಷ್ಟವಾಗುತ್ತಿಲ್ಲ. ರೇಖೆ, ಆಕಾರ, ಸಮತೋಲನ, ವೈದೃಶ್ಯ (ಎದ್ದುಕಾಣುವ ವ್ಯತ್ಯಾಸ), ಲಯ ಮುಂತಾದ ಹೆಸರುಗಳನ್ನು ಓದಿಕೊಂಡಿದ್ದರೂ ಅವುಗಳನ್ನು ಸ್ವಂತ ಚಿತ್ರಗಳಿಗೆ ಅನ್ವಯಿಸುವ ಬಗೆ ತಿಳಿಯುತ್ತಿಲ್ಲ. ಜತೆಗೆ, ಚೆನ್ನಾಗಿಲ್ಲವೆನಿಸಿದ ಹಳೆಯ ಚಿತ್ರಗಳನ್ನು ಅಳಿಸಿಬಿಡಬಹುದೇ ಎಂದೂ ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ ಮಕ್ಕಳಿಗೆ ಚಿತ್ರಕಲೆ ಕಲಿಸುವವನು, ಬಿಡುವಿನಲ್ಲಿ ಕ್ಯಾಮೆರಾ ಹಿಡಿಯುವವನು. ಈ ಎರಡೂ ಕೆಲಸಗಳ ಅನುಭವದ ಮೇಲೆ ಉತ್ತರಿಸುತ್ತಿದ್ದೇನೆ.

ಈ ತತ್ತ್ವಗಳನ್ನು ಅಂಕಪಟ್ಟಿಯಾಗಿ ಬಳಸಿದರೆ, ಅಂದರೆ ಸಮತೋಲನಕ್ಕೆ ಇಷ್ಟು, ಲಯಕ್ಕೆ ಇಷ್ಟು ಎಂದು ಅಂಕ ಕೊಡುತ್ತ ಹೋದರೆ, ಏನೂ ಸಿಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೇಳಬೇಕಾದ ಪ್ರಶ್ನೆ ಒಂದೇ: ನೋಡುವವರ ಕಣ್ಣು ಈ ಚಿತ್ರದಲ್ಲಿ ಮೊದಲು ಎಲ್ಲಿಗೆ ಹೋಗುತ್ತದೆ, ಅಲ್ಲಿಂದ ಎತ್ತ ಸಾಗುತ್ತದೆ, ಮತ್ತು ಅದು ನಾನು ತೋರಿಸಬೇಕೆಂದಿದ್ದ ಜಾಗವೇ? ಕಣ್ಣು ಏಕೆ ಹಾಗೆ ಸಾಗಿತು ಎಂಬುದಕ್ಕೆ ಕಾರಣ ಹುಡುಕುವಾಗ ಮಾತ್ರ ರೇಖೆ, ಛಾಯೆ, ಬಣ್ಣ, ಅವಕಾಶ (ವಸ್ತುಗಳ ಸುತ್ತಲಿನ ಜಾಗ) ಇತ್ಯಾದಿ ಹೆಸರುಗಳು ಕೆಲಸಕ್ಕೆ ಬರುತ್ತವೆ.

ಸ್ವಂತ ಚಿತ್ರದ ವಿಷಯದಲ್ಲಿ ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುವುದು ಕಷ್ಟ, ಏಕೆಂದರೆ ಎಲ್ಲಿ ನೋಡಬೇಕೆಂಬುದು ನಮಗೆ ಮೊದಲೇ ಗೊತ್ತಿರುತ್ತದೆ. ಹುಲಿವೇಷದ ಚಿತ್ರ ನೋಡುವಾಗ ನಿಮ್ಮ ಕಿವಿಯಲ್ಲಿ ತಾಸೆ ಎಂಬ ಚರ್ಮವಾದ್ಯದ ಪೆಟ್ಟು ಇನ್ನೂ ಕೇಳಿಸುತ್ತಿರುತ್ತದೆ. ನೋಡುವ ಅಪರಿಚಿತರಿಗೆ ಅದು ಕೇಳಿಸದು, ಅವರ ಮುಂದೆ ಇರುವುದು ಆಯತಾಕಾರದ ಒಂದು ಮೇಲ್ಮೈ ಅಷ್ಟೆ. ಆದ್ದರಿಂದ ಚಿತ್ರ ತೆಗೆದ ದಿನವೇ ವಿಮರ್ಶೆಗೆ ಕೂರಬೇಡಿ, ನೆನಪು ಸ್ವಲ್ಪ ಮಾಸಲಿ. ಆಮೇಲೆ ಚಿತ್ರವನ್ನು ಬೆರಳುಗುರಿನಷ್ಟು ಚಿಕ್ಕದು ಮಾಡಿ ನೋಡಿ, ಎಡಬಲ ಅದಲುಬದಲು ಮಾಡಿ ನೋಡಿ, ಸಾಧ್ಯವಾದರೆ ತಲೆಕೆಳಗಾಗಿಸಿ ನೋಡಿ. ಚಿತ್ರಕಲೆ ಕಲಿಯುವವರು ತಮ್ಮ ಚಿತ್ರವನ್ನು ಕನ್ನಡಿಯಲ್ಲಿ ಹಿಡಿದು ನೋಡುವುದೂ ಇದೇ ಉದ್ದೇಶದಿಂದ: ಪರಿಚಿತ ವಸ್ತು ಕಣ್ಮರೆಯಾಗಿ, ಕಪ್ಪು ಬಿಳುಪಿನ ತೂಕ ಮತ್ತು ಆಕಾರಗಳ ಜೋಡಣೆ ಮಾತ್ರ ಉಳಿಯಬೇಕು.

ಬಳಿಕ, ಒಳ್ಳೆಯದು ಕೆಟ್ಟದ್ದು ಎನ್ನುವ ಮೊದಲು, ಚಿತ್ರದಲ್ಲಿ ಏನಿದೆಯೆಂದು ನಾಲ್ಕಾರು ವಾಕ್ಯಗಳಲ್ಲಿ ಬರೆಯಿರಿ. ನನ್ನದೇ ಒಂದು ಚಿತ್ರದ ಉದಾಹರಣೆ ಕೊಡುತ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಅವಧಿಯಲ್ಲಿ ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ಆ ಚಿತ್ರದ ಬಗ್ಗೆ ನನ್ನ ಪುಸ್ತಕದಲ್ಲಿ ಹೀಗೆ ಬರೆದುಕೊಂಡಿದ್ದೇನೆ: “ಮೇಲರ್ಧದಲ್ಲಿ ನೆಟ್ಟಗಿನ ಕಂಬಗಳು, ಹತ್ತಿರ ಹತ್ತಿರ, ಬೂದುಬಣ್ಣದ ಆಕಾಶಕ್ಕೆ ಎದುರಾಗಿ. ಕೆಳಗೆ ಬೋಟುಗಳ ಮೂತಿಗಳು ಎಲ್ಲವೂ ಬಲಕ್ಕೆ ವಾಲಿದ ಬಾಗುರೇಖೆಗಳು. ಎಡಗಡೆ, ಕೆಳಗೆ, ಬಲೆ ದುರಸ್ತಿ ಮಾಡುತ್ತ ಕುಳಿತಿರುವ ವ್ಯಕ್ತಿ, ಬೆನ್ನು ಬಾಗಿದೆ. ಬಲ ಅಂಚಿನಲ್ಲಿ ಕಿತ್ತಳೆ ಬಣ್ಣದ ಡಬ್ಬ, ಅರ್ಧ ಕತ್ತರಿಸಿದೆ.” ಇಷ್ಟು ಬರೆಯುವಷ್ಟರಲ್ಲಿ ವಿಮರ್ಶೆ ತಾನಾಗಿ ಆರಂಭವಾಗುತ್ತದೆ. ಕಂಬಗಳ ಪುನರಾವೃತ್ತಿ ಒಂದು ಲಯವನ್ನು ಕೊಡುತ್ತದೆ. ಆ ಲಯವನ್ನು ಮುರಿಯುವುದು ಆ ಮನುಷ್ಯನ ಬಾಗಿದ ಬೆನ್ನು, ಆದ್ದರಿಂದ ಕಣ್ಣು ಅವನಲ್ಲಿಗೆ ಹೋಗುವುದು ಸಹಜ. ಬೋಟಿನ ಮೂತಿಗಳ ಬಾಗು ಆ ಬೆನ್ನಿನ ಬಾಗನ್ನೇ ಹೋಲುವುದರಿಂದ ಅವನು ಆ ಜಾಗಕ್ಕೆ ಸೇರಿದವನಂತೆಯೂ ಕಾಣುತ್ತಾನೆ. ಏಕತೆ ಎನ್ನುವುದು ಇದಕ್ಕೇ. ಆದರೆ ಬೂದುಬಣ್ಣಗಳ ನಡುವೆ ಕಿತ್ತಳೆ ಒಂದೇ ಇರುವುದರಿಂದ ಅದು ಕಣ್ಣನ್ನು ಚೌಕಟ್ಟಿನ ಹೊರಕ್ಕೆ ಎಳೆಯುತ್ತದೆ. ಬಲಗಡೆ ಒಂದಿಷ್ಟು ಕ್ರಾಪ್ ಮಾಡಿದರೆ ಡಬ್ಬ ಹೋಗುತ್ತದೆ, ಆದರೆ ಮೂರು ಬೋಟುಗಳ ಮೂತಿಗಳೂ ಅದರೊಂದಿಗೆ ಹೋಗಿ ಲಯ ಕುಂದುತ್ತದೆ. ನಾನು ಲಯವನ್ನು ಉಳಿಸಿಕೊಂಡು ಆ ಡಬ್ಬದ ಬಣ್ಣವನ್ನು ತಗ್ಗಿಸಿದೆ. ಬೇರೆಯವರು ಬೇರೆ ನಿರ್ಧಾರಕ್ಕೆ ಬರಬಹುದು. ನಿರ್ಧಾರಕ್ಕೊಂದು ಕಾರಣವಿದ್ದರೆ ಸಾಕು.

ಎಲ್ಲ ತತ್ತ್ವಗಳಿಗಿಂತ ಮೊದಲು ಪರೀಕ್ಷಿಸಬೇಕಾದದ್ದು ಛಾಯೆಯನ್ನು, ಅಂದರೆ ಚಿತ್ರದ ಬೇರೆಬೇರೆ ಭಾಗಗಳು ಎಷ್ಟು ತಿಳಿ, ಎಷ್ಟು ಗಾಢ ಎಂಬುದನ್ನು. ನಮ್ಮ ಊರಿನ ಛಾಯಾಗ್ರಾಹಕರಿಗೆ ಇದು ವಿಶೇಷವಾಗಿ ಮುಖ್ಯ, ಏಕೆಂದರೆ ನಮ್ಮ ಸುತ್ತಲಿನ ಎರಡು ಪ್ರಧಾನ ಬಣ್ಣಗಳು ಮುರಕಲ್ಲಿನ (ಕರಾವಳಿಯ ಕೆಂಪು ಕಟ್ಟಡಕಲ್ಲಿನ) ಕೆಂಪು ಮತ್ತು ತೋಟದ ಹಸಿರು. ವರ್ಣಚಕ್ರದಲ್ಲಿ ಅವು ಎದುರುಬದುರು; ಸ್ಥಳದಲ್ಲಿ ನಿಂತು ನೋಡುವಾಗ ಒಂದನ್ನೊಂದು ಎತ್ತಿ ತೋರಿಸುತ್ತವೆ. ಆದರೆ ಬೇಸಗೆಯಲ್ಲಿ ಒಣಗಿದ ಮುರಕಲ್ಲಿನ ಗೋಡೆ ಮತ್ತು ಅದರ ಹಿಂದಿನ ಬಾಳೆ, ಅಡಕೆ ಗಿಡಗಳ ಎಲೆ ಇವೆರಡರ ತಿಳಿ-ಗಾಢದ ಪ್ರಮಾಣ ಹೆಚ್ಚುಕಡಿಮೆ ಒಂದೇ. ಅಂಥ ಚಿತ್ರವನ್ನು ಕಪ್ಪು ಬಿಳುಪಿಗೆ ಬದಲಾಯಿಸಿ ನೋಡಿ: ಗೋಡೆಯೂ ಗಿಡವೂ ಒಂದೇ ಬೂದಿಬಣ್ಣದ ಮುದ್ದೆಯಾಗುತ್ತವೆ. ಬಣ್ಣದಲ್ಲಿ ಭೇದವಿದ್ದರೂ ಛಾಯೆಯಲ್ಲಿ ಭೇದವಿಲ್ಲದ್ದರಿಂದ ಚಿತ್ರದಲ್ಲಿ ಹಿಂದು ಮುಂದು ಎಂಬ ಆಳ ಹುಟ್ಟುವುದಿಲ್ಲ, ಮತ್ತು ‘ಸ್ಥಳ ಅಷ್ಟು ಚಂದ ಇತ್ತು, ಚಿತ್ರ ಏಕೋ ಚಪ್ಪಟೆಯಾಗಿದೆ’ ಎಂಬ ಅಸಮಾಧಾನಕ್ಕೆ ಬಹುಪಾಲು ಇದೇ ಕಾರಣವಾಗಿರುತ್ತದೆ. ಅದೇ ಗೋಡೆಗೆ ಮಳೆ ಬಿದ್ದರೆ ಕಲ್ಲು ನೀರು ಕುಡಿದು ಗಾಢವಾಗುತ್ತದೆ; ಹಿಂದೆ ನೇಜಿ (ಭತ್ತದ ಸಸಿ) ನೆಟ್ಟ ಗದ್ದೆಯ ಎಳೆ ಹಸಿರು ಇದ್ದರೆ ಅದು ಹಳದಿಯ ಕಡೆಗೆ ವಾಲಿ ತಿಳಿಯಾಗಿ ನಿಲ್ಲುತ್ತದೆ. ಈಗ ಬಣ್ಣ ಮತ್ತು ಛಾಯೆ ಎರಡೂ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ. ಕಪ್ಪು ಬಿಳುಪಿನ ಪರೀಕ್ಷೆಗೆ ಒಂದು ನಿಮಿಷವೂ ಬೇಡ, ಫೋನಿನಲ್ಲಿಯೇ ಸಾಧ್ಯ. ನಿಮ್ಮ ಮುಖ್ಯವಸ್ತು ಆ ರೂಪದಲ್ಲಿಯೂ ಹಿನ್ನೆಲೆಯಿಂದ ಬೇರ್ಪಟ್ಟು ನಿಂತರೆ ಚಿತ್ರದ ಅಸ್ತಿವಾರ ಗಟ್ಟಿಯಾಗಿದೆ ಎಂದು ತಿಳಿಯಬಹುದು.

ಬಣ್ಣದ ಬಗ್ಗೆ ಇನ್ನೊಂದು ಮಾತು. 1919ರಿಂದ 1923ರವರೆಗೆ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಕಲಿಸಿದ ಯೋಹಾನೆಸ್ ಇಟ್ಟೆನ್ ವರ್ಣವೈದೃಶ್ಯಗಳನ್ನು ಏಳು ಬಗೆಯಾಗಿ ವಿಂಗಡಿಸಿದರು. ಅವುಗಳಲ್ಲಿ ಒಂದು ವಿಸ್ತಾರದ ವೈದೃಶ್ಯ: ಹಳದಿ ಬಲು ಪ್ರಖರವಾದ್ದರಿಂದ ಅದರ ಒಂದು ಪಾಲನ್ನು ತೂಗಿಸಲು ನೇರಳೆಯ ಮೂರು ಪಾಲು ಬೇಕು, ಕೆಂಪು ಹಸಿರುಗಳಿಗೆ ಸಮಪಾಲು ಸಾಕು ಎಂಬ ಲೆಕ್ಕ. ಇದನ್ನು ಅಳತೆಪಟ್ಟಿ ಹಿಡಿದು ಪಾಲಿಸಬೇಕಾಗಿಲ್ಲ. ಹಳದಿ ಸ್ವಲ್ಪವಿದ್ದರೂ ಬಹಳ ಮಾತಾಡುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು. ಕೃಷ್ಣ ಜನ್ಮಾಷ್ಟಮಿಯ ಮರುದಿನದ ವಿಟ್ಲಪಿಂಡಿಯಂದು ಉಡುಪಿಯ ರಥಬೀದಿಯಲ್ಲಿ ತೆಗೆದ ಹುಲಿವೇಷದ ಚಿತ್ರಗಳನ್ನು ಈ ದೃಷ್ಟಿಯಿಂದ ನೋಡಿ. ಹಳದಿಯ ಮೇಲೆ ಕಪ್ಪು ಪಟ್ಟೆ ಎಂದರೆ ಕಣ್ಣಿಗೆ ಸಿಗಬಹುದಾದ ಅತ್ಯಂತ ತೀವ್ರ ವೈದೃಶ್ಯಗಳಲ್ಲಿ ಒಂದು. ಒಬ್ಬ ವೇಷಧಾರಿ ನೆರಳಿನ ಹಿನ್ನೆಲೆಗೆ ಎದುರಾಗಿದ್ದರೆ ಅವನು ಚಿತ್ರವನ್ನೇ ಆಳುತ್ತಾನೆ. ಇಡೀ ಚೌಕಟ್ಟಿನ ತುಂಬ ಹುಲಿಗಳೇ ಇದ್ದರೆ ಪಟ್ಟೆಗಳು ಒಂದರೊಳಗೊಂದು ಕಲಸಿಹೋಗಿ ಕಣ್ಣಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಎರಡನೆಯ ಬಗೆಯ ಚಿತ್ರ ಕೆಟ್ಟದ್ದೆಂದು ನಾನು ಹೇಳಲಾರೆ, ಗದ್ದಲವನ್ನೇ ತೋರಿಸುವುದು ನಿಮ್ಮ ಉದ್ದೇಶವಾಗಿದ್ದರೆ ಅದು ಸರಿಯಾದ ಚಿತ್ರ. ಆದರೆ ಒಬ್ಬ ಕುಣಿತದವನ ನೆಗೆತವನ್ನು ತೋರಿಸಬೇಕೆಂದಿದ್ದರೆ ಅದು ಅಲ್ಲಿ ಕಾಣದು.

ಒತ್ತು ತಪ್ಪಿಹೋಗುವುದಕ್ಕೆ ನಮ್ಮಲ್ಲಿ ಅತಿ ಸಾಮಾನ್ಯ ಕಾರಣ ಅಕ್ಷರಗಳು. ಓದುಬಲ್ಲವರ ಕಣ್ಣು ಬರಹ ಕಂಡಲ್ಲಿ ಓದಿಯೇ ತೀರುತ್ತದೆ. ಯಕ್ಷಗಾನದ ರಂಗಸ್ಥಳದ ಹಿಂದೆ ಪ್ರಾಯೋಜಕರ ಹೆಸರಿನ ಬ್ಯಾನರ್ ಇದ್ದರೆ, ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿಯ) ವೇಷದ ಕೇದಗೆಮುಂದಲೆ ಎಂಬ ತಲೆಯುಡುಗೆ ಎಷ್ಟೇ ಸೊಗಸಾಗಿರಲಿ, ನೋಡುವವರು ಮೊದಲು ಬ್ಯಾನರ್ ಓದಿ ಆಮೇಲೆ ವೇಷಕ್ಕೆ ಬರುತ್ತಾರೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಕೆಳಗೆ ಕುಳಿತು, ಹಿನ್ನೆಲೆಗೆ ಕತ್ತಲೆಯನ್ನು ತಂದುಕೊಳ್ಳುವುದು ಬಹುತೇಕ ಸಾಧ್ಯವಿರುತ್ತದೆ. ಚಿತ್ರ ನೋಡುವಾಗ ‘ಇಲ್ಲಿ ಓದಲು ಏನಾದರೂ ಇದೆಯೇ’ ಎಂದು ಒಮ್ಮೆ ಕೇಳಿಕೊಳ್ಳಿ.

ಚಲನೆ ಮತ್ತು ಅವಕಾಶಗಳ ವಿಷಯಕ್ಕೆ ಕಂಬಳ ಒಳ್ಳೆಯ ಪಾಠಶಾಲೆ. ಓಟ ಮುಗಿಯುವ ಮಂಜೊಟ್ಟಿಯ ಬಳಿ ಛಾಯಾಗ್ರಾಹಕರು ಸಾಲಾಗಿ ನಿಲ್ಲುವುದರಿಂದ ಎಲ್ಲರ ಚಿತ್ರಗಳೂ ಒಂದೇ ಅಚ್ಚಿನವಾಗಿರುತ್ತವೆ: ಎದುರಿಗೆ ನುಗ್ಗಿ ಬರುವ ಕೋಣಗಳು, ಎರಡೂ ಕಡೆ ಚಿಮ್ಮಿದ ನೀರು. ಅವು ಆಕರ್ಷಕವೇ, ಆದರೆ ಅವುಗಳಲ್ಲಿ ಓಟಗಾರ ಕೋಣಗಳ ಹಿಂದೆ ಮರೆಯಾಗಿ, ಕರೆಯ (ಓಟದ ಕೆಸರುಗದ್ದೆಯ) ಉದ್ದವೇ ಕಾಣದಾಗುತ್ತದೆ. ಬದಿಯಿಂದ ತೆಗೆದ ಚಿತ್ರದಲ್ಲಿ ಕೋಣ, ಹಗ್ಗ, ಓಟಗಾರನ ಚಾಚಿದ ತೋಳು ಎಲ್ಲವೂ ಸೇರಿ ಒಂದು ಓರೆ ರೇಖೆಯಾಗುತ್ತದೆ, ಕಣ್ಣು ಆ ರೇಖೆಯ ಮೇಲೆಯೇ ಓಡುತ್ತದೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರ ನೃತ್ಯದ ರೇಖಾಚಿತ್ರಗಳನ್ನು ನೀವು ನೋಡಿದ್ದರೆ, ಕೆಲವೇ ಗೆರೆಗಳಲ್ಲಿ ಇಡೀ ಶರೀರದ ಚಲನೆ ಹೇಗೆ ಹಿಡಿತಕ್ಕೆ ಬರುತ್ತದೆಂಬುದು ತಿಳಿದಿರುತ್ತದೆ. ನಿಮ್ಮ ಚಿತ್ರದ ಮೇಲೆ ತೆಳುಕಾಗದವಿಟ್ಟು ಮುಖ್ಯ ಗೆರೆಗಳನ್ನಷ್ಟೇ ಎಳೆದು ನೋಡಿ. ಆ ಗೆರೆಗಳು ಎಲ್ಲಿಗೋ ಕರೆದೊಯ್ಯುತ್ತವೆಯೋ, ಬರಿದೇ ಸಿಕ್ಕುಸಿಕ್ಕಾಗಿವೆಯೋ ಎಂಬುದು ತಕ್ಷಣ ಗೊತ್ತಾಗುತ್ತದೆ.

ಚೌಕಟ್ಟನ್ನು ಮೂರು ಪಾಲು ಮಾಡುವ ನಿಯಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1797ರಲ್ಲಿ ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದರು ನಿಸರ್ಗಚಿತ್ರಗಳ ಕುರಿತು ಬರೆಯುವಾಗ ಅದಕ್ಕೆ ಆ ಹೆಸರು ಕೊಟ್ಟರು. ಈಗ ಪ್ರತಿ ಫೋನಿನ ಪರದೆಯಲ್ಲಿಯೂ ಆ ಗೆರೆಗಳಿವೆ. ಮಲ್ಪೆಯ ಕಡಲಿನ ದಿಗಂತವನ್ನು ನಡುಮಧ್ಯದಲ್ಲಿ ಇಡದಿರಲು ಅದು ನೆನಪಿಸುತ್ತದೆ, ಅಷ್ಟರಮಟ್ಟಿಗೆ ಉಪಕಾರಿ. ಪ್ರಮಾಣದ ವಿಷಯವೂ ಚಿಕ್ಕದೇ: ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳ ಚಿತ್ರದಲ್ಲಿ ಮನುಷ್ಯನೋ ಹಕ್ಕಿಯೋ ಇಲ್ಲದಿದ್ದರೆ ಅವು ಮೊಣಕಾಲೆತ್ತರವೋ ಮನೆಯೆತ್ತರವೋ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ.

ಒಂದೊಂದೇ ಚಿತ್ರವನ್ನು ನೋಡಿದ ಮೇಲೆ, ಒಂದು ವರ್ಷದ ಚಿತ್ರಗಳಲ್ಲಿ ಮೂವತ್ತನ್ನೋ ನಲವತ್ತನ್ನೋ ಒಟ್ಟಿಗೆ ಹರಡಿ ನೋಡಿ. ಬಿಡಿ ಚಿತ್ರದಲ್ಲಿ ಕಾಣದ ನಿಮ್ಮ ರೂಢಿ ಅಲ್ಲಿ ಕಾಣುತ್ತದೆ: ಎಲ್ಲವೂ ನಿಂತ ಎತ್ತರದಿಂದಲೇ ತೆಗೆದವು, ಮುಖ್ಯವಸ್ತು ಯಾವಾಗಲೂ ಬಲಗಡೆ, ಜನರೆಲ್ಲ ದೂರದಲ್ಲಿ ಬೆನ್ನು ಹಾಕಿದವರು. ಲೆನ್ಸಿನ ಯಾವ ಅಳತೆಯಲ್ಲಿ ಚಿತ್ರ ತೆಗೆದಿರೆಂಬ ಮಾಹಿತಿಯೂ ಪ್ರತಿ ಫೈಲಿನೊಳಗೆ ದಾಖಲಾಗಿರುತ್ತದೆ. ಸದಾ ದೂರದ್ದನ್ನು ಹತ್ತಿರ ತೋರಿಸುವ ಉದ್ದನೆಯ ಲೆನ್ಸನ್ನೇ ಬಳಸಿರುವುದು ಕಂಡುಬಂದರೆ ಹತ್ತಿರ ಹೋಗಲು ಸಂಕೋಚವಿದೆಯೇ ಎಂದು ಕೇಳಿಕೊಳ್ಳಬಹುದು.

ಮಂಗಳೂರಿಗೆ ಬಂದಾಗ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಒಮ್ಮೆ ಹೋಗಿ, ಕ್ಯಾಮೆರಾವನ್ನು ಚೀಲದಲ್ಲಿಯೇ ಬಿಟ್ಟು ಕುಳಿತು ನೋಡಿ. ಇಟಲಿಯ ಆಂಟೋನಿಯೊ ಮೊಸ್ಕೆನಿ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅದರ ಗೋಡೆ ಮತ್ತು ಮಾಡಿನ ಒಳಮೈಯನ್ನು ಚಿತ್ರಗಳಿಂದ ತುಂಬಿದರು. ಹತ್ತಾರು ಆಕೃತಿಗಳ ಗುಂಪಿನಲ್ಲಿಯೂ ಯಾರು ಮುಖ್ಯರೆಂಬುದು ಹೇಗೆ ತಿಳಿಯುತ್ತದೆ, ಬೆಳಕು ಯಾರ ಮೇಲೆ ಬಿದ್ದಿದೆ, ಉಳಿದವರ ದೃಷ್ಟಿ ಎತ್ತ ತಿರುಗಿದೆ ಎಂದು ಗಮನಿಸಿದರೆ ಹುಲಿವೇಷದ ಗುಂಪಿನ ಮುಂದೆ ಏನು ಮಾಡಬೇಕೆಂಬ ಸುಳಿವು ಸಿಗುತ್ತದೆ.

ನಮ್ಮ ಪರಂಪರೆಯಲ್ಲಿ ಚಿತ್ರದ ಆರು ಅಂಗಗಳನ್ನು ಹೇಳುವ ಷಡಂಗವಿದೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಕಾಮಸೂತ್ರಕ್ಕೆ ಯಶೋಧರ ಬರೆದ ವ್ಯಾಖ್ಯಾನದಲ್ಲಿ ಈ ಪಟ್ಟಿ ಬರುತ್ತದೆ. ನೀವು ಓದಿಕೊಂಡ ಪಟ್ಟಿಯಲ್ಲಿ ಇಲ್ಲದ ಭಾವ ಇಲ್ಲಿ ಪ್ರಮಾಣದ ಪಕ್ಕದಲ್ಲಿಯೇ ಇದೆ. ಆದ್ದರಿಂದ ಕಣ್ಣಿನ ದಾರಿಯನ್ನು ಪರೀಕ್ಷಿಸಿದ ಮೇಲೆ, ಆ ದಾರಿ ಮುಟ್ಟಿಸಿದ ಜಾಗದಲ್ಲಿ ಏನಾದರೂ ನಡೆಯುತ್ತಿದೆಯೇ ಎಂದೂ ಕೇಳಿ. ಮಲ್ಪೆಯ ಚಿತ್ರದಲ್ಲಿ ಆ ಮನುಷ್ಯನ ಕೈಗಳು ಬಲೆಯೊಳಗೆ ಕೆಲಸದಲ್ಲಿ ತೊಡಗಿವೆ. ಅದೇ ಚೌಕಟ್ಟಿನ ಇನ್ನೊಂದು ಚಿತ್ರದಲ್ಲಿ ಅವನು ಕೈಕಟ್ಟಿ ನನ್ನನ್ನೇ ನೋಡುತ್ತಿದ್ದಾನೆ. ರಚನೆ ಎರಡರಲ್ಲಿಯೂ ಒಂದೇ, ನಾನು ಉಳಿಸಿಕೊಂಡದ್ದು ಮೊದಲನೆಯದನ್ನು.

ಅಳಿಸುವ ವಿಷಯ: ಅಲುಗಿ ಮಸುಕಾದವನ್ನು, ಆಕಸ್ಮಿಕವಾಗಿ ಬಟನ್ ಒತ್ತಿದವನ್ನು ಅಳಿಸಿ. ಉಳಿದವನ್ನು, ವಿಶೇಷವಾಗಿ ಒಂದೇ ವಸ್ತುವಿನ ಎದುರು ಸಾಲಾಗಿ ತೆಗೆದ ಚಿತ್ರಗಳನ್ನು, ತೆಗೆದ ಕ್ರಮದಲ್ಲಿಯೇ ಇಟ್ಟುಕೊಳ್ಳಿ. ಒಳ್ಳೆಯ ಚಿತ್ರಕ್ಕೆ ಮುಂಚೆ ನೀವು ಎಲ್ಲಿ ನಿಂತಿದ್ದಿರಿ, ಯಾವ ಕಡೆ ಸರಿದಿರಿ, ಅದು ಸಿಕ್ಕಿದ ಮೇಲೆ ಎಷ್ಟು ಬೇಗ ಕ್ಯಾಮೆರಾ ಇಳಿಸಿದಿರಿ ಎಂಬುದೆಲ್ಲ ಆ ಸಾಲಿನಲ್ಲಿ ಮಾತ್ರ ಸಿಗುತ್ತದೆ. ಜಾಗದ ಅಭಾವವಿದ್ದರೆ ಅವುಗಳ ಚಿಕ್ಕ ಪ್ರತಿಗಳನ್ನಾದರೂ ಇಟ್ಟುಕೊಳ್ಳಬಹುದು. ಈ ಕೆಲಸಕ್ಕೆ ಅಷ್ಟೇ ಸಾಕಾಗುತ್ತದೆ.